ಅಪ್‌ಡೇಟ್: ಎಚ್‌ಎಸ್‌ಎ ದಂಡದ ಗೊಂದಲ ಬಗೆಹರಿಯಿತು

ಕಳೆದ ವಾರ ಕೇಳಿದ್ದೆನಲ್ಲ, 2024ರ ಅಮೆರಿಕದ ತೆರಿಗೆ ತುಂಬುವಾಗ ನನ್ನ ಎಚ್‌ಎಸ್‌ಎ ಖಾತೆಗೆ (ವೈದ್ಯಕೀಯ ಖರ್ಚಿಗೆಂದು ತೆರಿಗೆ ವಿನಾಯಿತಿಯೊಂದಿಗೆ ಹಣ ಉಳಿಸುವ ಖಾತೆ) ಮಿತಿಗಿಂತ 2,350 ಡಾಲರ್ ಹೆಚ್ಚು ಕಟ್ಟಿದ್ದೇನೆಂದು ತಂತ್ರಾಂಶ 141 ಡಾಲರ್ ದಂಡ ತೋರಿಸುತ್ತಿದೆ ಎಂದು? ತಪ್ಪು ನನ್ನದೇ.

ಕಂಪನಿ ಕೊಡುವ ವಾರ್ಷಿಕ ಸಂಬಳ-ತೆರಿಗೆ ಪತ್ರವಾದ ಡಬ್ಲ್ಯೂ-2ರ 12ನೇ ಚೌಕದಲ್ಲಿ ‘ಡಬ್ಲ್ಯೂ’ ಸಂಕೇತದ ಎದುರು 3,500 ಇತ್ತು. ಅದು ಕಂಪನಿಯ ಪಾಲು ಮಾತ್ರ ಎಂದುಕೊಂಡು, ಸಂಬಳದಿಂದ ಕಡಿತವಾದ ನನ್ನ 3,000ವನ್ನು ಮತ್ತೆ ‘ಸ್ವಂತ ವಂತಿಗೆ’ ಎಂದು ತುಂಬಿದ್ದೆ. ಆ 3,500ರಲ್ಲೇ ಎರಡೂ ಸೇರಿವೆಯಂತೆ! ನಿಮ್ಮಲ್ಲೊಬ್ಬರು ಹೇಳಿದಂತೆ ಎಚ್‌ಎಸ್‌ಎ ಲೆಕ್ಕ ತೋರಿಸುವ 8889ನೇ ನಮೂನೆಯಲ್ಲಿ ಸ್ವಂತ ವಂತಿಗೆಯ 2ನೇ ಸಾಲನ್ನು ಸೊನ್ನೆ ಮಾಡಿದೆ, ದಂಡ ಮಾಯ. 2024ಕ್ಕೆ ಒಬ್ಬನಿಗೆ ಮಿತಿ 4,150 ಇತ್ತು, ನನ್ನದು ಅದರೊಳಗೇ ಇದೆ.

5498-ಎಸ್‌ಎ (ಖಾತೆಗೆ ಕಟ್ಟಿದ ಹಣದ ವಿವರದ ಪತ್ರ) ಬರುವವರೆಗೆ ಕಾಯಿರಿ ಎಂಬ ಸಲಹೆ ಉಪಯೋಗಕ್ಕೆ ಬರಲಿಲ್ಲ. ಅದು ಬರುವುದು ಮೇ ತಿಂಗಳಿಗೆ, ತೆರಿಗೆ ತುಂಬುವ ಗಡುವು ಏಪ್ರಿಲ್ 15. ‘ಹೆಚ್ಚುವರಿ’ ಹಣ ವಾಪಸ್ ಪಡೆಯಲು ಅರ್ಜಿಯನ್ನೂ ಅರ್ಧ ತುಂಬಿದ್ದೆ, ಪುಣ್ಯಕ್ಕೆ ಕಳುಹಿಸಲಿಲ್ಲ.

ಹಲ್ಲಿನ ಚಿಕಿತ್ಸೆಗೆ ಖಾತೆಯಿಂದ ತೆಗೆದ ಹಣ 1099-ಎಸ್‌ಎಯಲ್ಲಿತ್ತು (ಖಾತೆಯಿಂದ ತೆಗೆದ ಹಣದ ವಿವರದ ಪತ್ರ). ಅದನ್ನು ವೈದ್ಯಕೀಯ ವೆಚ್ಚವೆಂದು 8889ನೇ ನಮೂನೆಯಲ್ಲೇ ತೋರಿಸಿದೆ, ತೆರಿಗೆ ಬೀಳಲಿಲ್ಲ. ಬಿಲ್ ಲಗತ್ತಿಸಬೇಕಿಲ್ಲ, ಇಟ್ಟುಕೊಂಡರೆ ಸಾಕು.

ಅಚ್ಚರಿಯಾಗಿದ್ದು ಬೇರೆ: ಕ್ಯಾಲಿಫೋರ್ನಿಯಾ ಎಚ್‌ಎಸ್‌ಎ ವಿನಾಯಿತಿಯನ್ನು ಒಪ್ಪುವುದೇ ಇಲ್ಲ. ನನ್ನ ಡಬ್ಲ್ಯೂ-2ರಲ್ಲಿ ರಾಜ್ಯದ ತೆರಿಗೆಗೆ ತೋರಿಸಿದ ಸಂಬಳ ಕೇಂದ್ರದ್ದಕ್ಕಿಂತ ಸರಿಯಾಗಿ 3,500 ಹೆಚ್ಚಿದ್ದುದು ಅದಕ್ಕೇ. ಖಾತೆಯ ಬಡ್ಡಿಗೂ ರಾಜ್ಯ ತೆರಿಗೆ ಕೇಳುತ್ತದೆ.