ನಿಂತುಹೋದ ಮ್ಯೂಸಿಕ್ ಪ್ಲೇಯರ್‌ಗಳಲ್ಲಿ ನಿಮಗೆ ಈಗಲೂ ಬೇಕು ಅನ್ನಿಸುವುದು ಯಾವುದು?

ರಾಗಪಥಿಕ:

2022ರ ಮೇ ತಿಂಗಳಲ್ಲಿ ಐಪಾಡ್ ಟಚ್ ನಿಲ್ಲಿಸುತ್ತೇವೆ ಅಂತ ಆ್ಯಪಲ್ ಹೇಳಿದಾಗ ತುಂಬ ಜನ ಬೇಜಾರು ಮಾಡಿಕೊಂಡರು. ನನಗೆ ಬೇಜಾರಾಗಿದ್ದು ಅದಕ್ಕೂ ಮೊದಲು, 2014ರಲ್ಲಿ ಐಪಾಡ್ ಕ್ಲಾಸಿಕ್ ನಿಂತಾಗ. ಟಚ್ ಏನಿದ್ದರೂ ಸಿಮ್ ಇಲ್ಲದ ಫೋನೇ ಅಲ್ವಾ? ಕ್ಲಾಸಿಕ್ ಹಾಗಲ್ಲ. ಅದು ಹಾಡು ಕೇಳೋಕೆ ಅಂತಲೇ ಮಾಡಿದ್ದು. ಮುಂಭಾಗದಲ್ಲಿದ್ದ ಆ ಚಕ್ರದ ಮೇಲೆ ಹೆಬ್ಬೆರಳು ಆಡಿಸಿದರೆ ಸಾವಿರಾರು ಹಾಡುಗಳ ಪಟ್ಟಿ ಸರಸರ ಓಡುತ್ತಿತ್ತು, ಜೇಬಿನಿಂದ ಹೊರಗೆ ತೆಗೆಯದೆಯೇ ಮುಂದಿನ ಹಾಡಿಗೆ ಹೋಗಬಹುದಿತ್ತು, ಮಧ್ಯದಲ್ಲಿ ಯಾರ ಮೆಸೇಜೂ ಬರುತ್ತಿರಲಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆ ಅಂದರೆ, ನನ್ನ ಹತ್ತಿರ ಐದನೇ ತಲೆಮಾರಿನ ಐಪಾಡ್ ಇದೆ, 2005ರಲ್ಲಿ ಬಂತಲ್ಲ, ವಿಡಿಯೊ ಇರೋದು. ಅದನ್ನು ಮತ್ತೆ ದಿನಾ ಬಳಸೋ ಹಾಗೆ ಮಾಡಬಹುದಾ, ಇಲ್ಲ ಸುಮ್ನೆ ನೆನಪಿಗೆ ಅಂತ ಇಟ್ಟುಕೊಳ್ಳಬೇಕಾ? ನೀವು ಈಗಲೂ ಯಾವುದಾದರೂ ಹಳೇ ಪ್ಲೇಯರ್ ಬಳಸುತ್ತಿದ್ದರೆ ಅದು ಯಾವುದು, ಯಾಕೆ ಅಂತಲೂ ಹೇಳಿ.

ಬೆಸುಗೆಕಡ್ಡಿ:

ಖಂಡಿತ ಬಳಸಬಹುದು, ಅದರಲ್ಲೂ ಐದನೇ ತಲೆಮಾರು ಸಿಕ್ಕಿರೋದು ಒಳ್ಳೆಯದೇ ಆಯಿತು. ಅದರ ಮುಂಭಾಗ ಪ್ಲಾಸ್ಟಿಕ್, ತೆಳುವಾದ ಪ್ಲಾಸ್ಟಿಕ್ ಪಟ್ಟಿ ತೂರಿಸಿ ನಿಧಾನವಾಗಿ ಬಿಡಿಸಬಹುದು. ಆಮೇಲೆ ಬಂದ ಕ್ಲಾಸಿಕ್‌ನಲ್ಲಿ ಮುಂಭಾಗವೂ ಲೋಹ, ತೆಗೆಯೋವಾಗ ಅಂಚು ಬಾಗುತ್ತದೆ.

ಮೊದಲು ನೋಡಬೇಕಾಗಿದ್ದು ಬ್ಯಾಟರಿ. ಲಿಥಿಯಂ ಬ್ಯಾಟರಿ ಇಷ್ಟು ವರ್ಷ ಇಟ್ಟಲ್ಲೇ ಇದ್ದರೆ ಚಾರ್ಜ್ ಹಿಡಿಯೋದು ಕಡಿಮೆ, ಕೆಲವು ಉಬ್ಬಿಕೊಂಡಿರುತ್ತವೆ. ಉಬ್ಬಿದ್ದರೆ ಚಾರ್ಜ್ ಹಾಕೋಕೂ ಹೋಗಬೇಡಿ, ಚೂಪಾದ್ದರಿಂದ ಮೀಟೋಕೂ ಹೋಗಬೇಡಿ. ಬದಲಿ ಬ್ಯಾಟರಿ ಈಗಲೂ ಸಿಗುತ್ತದೆ. ಬಿಚ್ಚುವಾಗ ಹುಷಾರು, ಹಿಂದಿನ ಮುಚ್ಚಳಕ್ಕೂ ಬೋರ್ಡಿಗೂ ನಡುವೆ ತೆಳುವಾದ ರಿಬ್ಬನ್ ಕೇಬಲ್ ಇದೆ, ಜೋರಾಗಿ ಎಳೆದರೆ ಹರಿದುಹೋಗುತ್ತದೆ.

ಎರಡನೇದು ಡಿಸ್ಕ್. ಒಳಗಿರೋದು 1.8 ಇಂಚಿನ ಹಾರ್ಡ್ ಡಿಸ್ಕ್. 2001ರ ಮೊದಲ ಐಪಾಡ್ ಸಾಧ್ಯವಾಗಿದ್ದೇ ತೋಷಿಬಾ ಮಾಡಿದ ಇಂಥ ಪುಟ್ಟ 5 ಜಿಬಿ ಡಿಸ್ಕಿನಿಂದ. ಅದರ ಕೆಲಸದ ರೀತಿ ನನಗೆ ತುಂಬ ಇಷ್ಟ. ಡಿಸ್ಕ್ ಯಾವಾಗಲೂ ತಿರುಗುತ್ತಿದ್ದರೆ ಬ್ಯಾಟರಿ ಬೇಗ ಮುಗಿಯುತ್ತದೆ. ಹಾಗಾಗಿ ಮುಂದಿನ ಕೆಲವು ಹಾಡುಗಳನ್ನು ಒಂದೇ ಸಲಕ್ಕೆ ಮೆಮೊರಿಗೆ ಎಳೆದುಕೊಂಡು ಡಿಸ್ಕನ್ನು ನಿಲ್ಲಿಸಿಬಿಡುತ್ತದೆ, ಅವು ಮುಗಿಯುತ್ತಾ ಬಂದಾಗ ಮತ್ತೆ ತಿರುಗಿಸುತ್ತದೆ. ಕೈಯಲ್ಲಿ ಹಿಡಿದಿದ್ದರೆ ಆ ಸಣ್ಣ ನಡುಕ ಗೊತ್ತಾಗುತ್ತದೆ. ಆದರೆ ತಿರುಗೋ ಡಿಸ್ಕಿಗೆ ಆಯಸ್ಸು ಇಷ್ಟೇ ಅಂತ ಇರುತ್ತದೆ. ಈಗ ಅದರ ಜಾಗಕ್ಕೆ ಎಸ್‌ಡಿ ಕಾರ್ಡ್ ಕೂರಿಸೋ ಐಫ್ಲ್ಯಾಶ್ ಬೋರ್ಡುಗಳಿವೆ. ಹಾಕಿದರೆ ತೂಕ ಕಡಿಮೆ, ಬಿದ್ದರೂ ಡಿಸ್ಕ್ ಹೋಗೋ ಭಯ ಇಲ್ಲ, ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ.

ಚಿಕ್ಕಡಿಸ್ಕ್:

ಎಲ್ಲರೂ ಐಪಾಡ್ ಅಂತಾರೆ, ನನ್ನ ಮನಸ್ಸು ಮಾತ್ರ ಮಿನಿಡಿಸ್ಕ್ ಬಿಟ್ಟು ಕದಲಿಲ್ಲ. ಸೋನಿ 1992ರಲ್ಲಿ ತಂದಿದ್ದು. ಸಿಡಿಯಷ್ಟೇ, ಅಂದರೆ 74 ನಿಮಿಷದ ಸಂಗೀತ ಅಂಗೈಗಿಂತ ಚಿಕ್ಕ ಡಿಸ್ಕಿನಲ್ಲಿ ಕೂರುತ್ತಿತ್ತು, ಅದಕ್ಕೆ ಅಟ್ರಾಕ್ ಅನ್ನೋ ಕಂಪ್ರೆಷನ್ ಬಳಸುತ್ತಿದ್ದರು. ನನಗೆ ಅದರಲ್ಲಿ ಬೇಕಾಗಿದ್ದು ಧ್ವನಿಗಿಂತ ಎಡಿಟಿಂಗ್. ರೆಕಾರ್ಡ್ ಮಾಡಿದ ಮೇಲೂ ಹಾಡನ್ನು ಎರಡಾಗಿ ಕತ್ತರಿಸಬಹುದು, ಸೇರಿಸಬಹುದು, ಕ್ರಮ ಬದಲಾಯಿಸಬಹುದು, ಹೆಸರು ಬರೆಯಬಹುದು, ಎಲ್ಲಾ ಆ ಪುಟ್ಟ ಯಂತ್ರದಲ್ಲೇ, ಕಂಪ್ಯೂಟರ್ ಇಲ್ಲದೆ! ಕ್ಯಾಸೆಟ್‌ನಲ್ಲಿ ಅದು ಆಗೋ ಮಾತಲ್ಲ. ಒಂದೊಂದೇ ಅಕ್ಷರ ಹುಡುಕಿ ಹೆಸರು ಹಾಕೋದಕ್ಕೆ ತುಂಬ ಹೊತ್ತು ಹಿಡಿಯುತ್ತಿತ್ತು, ಆದರೆ ಹಾಗೆ ಹೆಸರು ಹಾಕಿದ ಪ್ರತಿ ಹಾಡೂ ನನಗೆ ಬಾಯಿಪಾಠ ಆಗಿದೆ.

ಖಾಲಿ ಡಿಸ್ಕುಗಳ ತಯಾರಿಕೆಯನ್ನೂ ಸೋನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಹಳೇ ಡಿಸ್ಕುಗಳನ್ನು ಯಾರೂ ಎಸೆಯಬೇಡಿ, ದಯವಿಟ್ಟು. ಅಳಿಸಿ ಮತ್ತೆ ಮತ್ತೆ ರೆಕಾರ್ಡ್ ಮಾಡಬಹುದು.

ಮೆಲುದನಿ:

ಜಾಗ ಕಡಿಮೆ ಇದ್ದಿದ್ದೇ ಆ ಕಾಲದ ಸೊಗಸು ಅಂತ ನನಗನ್ನಿಸುತ್ತದೆ. 1998ರ ರಿಯೊ ಪಿಎಂಪಿ300 ಅನ್ನೋ ಎಂಪಿ3 ಪ್ಲೇಯರ್ ನೋಡಿ, ಒಳಗಿದ್ದಿದ್ದು 32 ಎಂಬಿ ಮೆಮೊರಿ. 128 ಕೆಬಿಪಿಎಸ್ ಎಂಪಿ3 ಆದರೆ ಅರ್ಧ ಗಂಟೆಯಷ್ಟು ಸಂಗೀತ. ಅಷ್ಟಕ್ಕೇ ರೆಕಾರ್ಡ್ ಕಂಪನಿಗಳ ಸಂಘ ಹೆದರಿ ಕೋರ್ಟಿಗೆ ಹೋಗಿತ್ತು, 1999ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟಿನಲ್ಲಿ ಪ್ಲೇಯರ್ ಮಾಡಿದವರೇ ಗೆದ್ದರು. ಆ ತೀರ್ಪು ಇನ್ನೊಂದು ಕಡೆ ಹೋಗಿದ್ದರೆ ನಾವು ಇಲ್ಲಿ ಮಾತಾಡುತ್ತಿರೋ ಎಷ್ಟೋ ಪ್ಲೇಯರುಗಳು ಬರುತ್ತಿದ್ದವೋ ಇಲ್ಲವೋ. ಇರಲಿ, ನಾನು ಹೇಳಬೇಕೆಂದಿದ್ದು ಬೇರೆ. ಅರ್ಧ ಗಂಟೆ ಮಾತ್ರ ಇದ್ದಾಗ ಬೆಳಿಗ್ಗೆ ಕೂತು ಇವತ್ತು ಏನು ಕೇಳಬೇಕು ಅಂತ ಆರಿಸುತ್ತಿದ್ದೆವು. ಆರಿಸಿದ್ದನ್ನು ಪೂರ್ತಿ ಕೇಳುತ್ತಿದ್ದೆವು. ಈಗ ಕೋಟಿಗಟ್ಟಲೆ ಹಾಡು ಇದೆ, ಎರಡನೇ ಸಾಲು ಬರೋ ಮೊದಲೇ ಬೆರಳು ಮುಂದಕ್ಕೆ ಹೋಗುತ್ತದೆ.

ಬೆಸುಗೆಕಡ್ಡಿ:

@ಮೆಲುದನಿ ಇದನ್ನು ನಾನು ಒಪ್ಪಲ್ಲ. ಜಾಗ ಕಡಿಮೆ ಇದ್ದಿದ್ದು ಕಷ್ಟವೇ ಆಗಿತ್ತು, ಅದಕ್ಕೇ ಎಲ್ಲರೂ ದೊಡ್ಡ ಡಿಸ್ಕಿಗೆ ಹೋದರು. ನಮಗೆ ಬೇಕಾಗಿರೋದು ಕಡಿಮೆ ಹಾಡಲ್ಲ, ನಮ್ಮದೇ ಆದ ಹಾಡು. ಫೈಲ್ ನನ್ನ ಹತ್ತಿರ ಇದ್ದರೆ ಯಾರೂ ರಾತ್ರೋರಾತ್ರಿ ಅದನ್ನು ಪಟ್ಟಿಯಿಂದ ತೆಗೆಯೋಕಾಗಲ್ಲ. ಸ್ಟ್ರೀಮಿಂಗ್‌ನಲ್ಲಿ ಲೈಸೆನ್ಸ್ ಮುಗಿದರೆ ಆಲ್ಬಮ್ಮೇ ಮಾಯ.

ಕಂದುಝೂನ್:

ಝೂನ್ ಹೆಸರು ಯಾರೂ ಎತ್ತಲಿಲ್ಲವಲ್ಲ! 2006ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತಂದಿದ್ದು, 30 ಜಿಬಿ. ಕಂದು ಬಣ್ಣ ನೋಡಿ ಎಲ್ಲರೂ ನಕ್ಕರು, ನನಗೆ ಮಾತ್ರ ಅದೇ ಇಷ್ಟ. ಪಕ್ಕದಲ್ಲಿರೋ ಇನ್ನೊಂದು ಝೂನ್‌ಗೆ ವೈಫೈಯಲ್ಲೇ ಹಾಡು ಕಳಿಸಬಹುದಿತ್ತು. ಪಡೆದವರು ಮೂರು ಸಲ ಕೇಳಬಹುದು, ಅಥವಾ ಮೂರು ದಿನ, ಯಾವುದು ಮೊದಲೋ ಅದು. ಆ ಕಟ್ಟುಪಾಡು ಇಲ್ಲದಿದ್ದರೆ ಏನಾಗುತ್ತಿತ್ತೋ. ಇನ್ನೊಬ್ಬರ ಜೊತೆ ಕೇಳಬೇಕು ಅನ್ನೋ ಯೋಚನೆ ಹಳೆಯದೇ, 1979ರ ಮೊದಲ ವಾಕ್‌ಮನ್‌ನಲ್ಲೂ ಎರಡು ಹೆಡ್‌ಫೋನ್ ಸಾಕೆಟ್ ಇತ್ತು. ಜೊತೆಗೆ ಒಂದು ಕಿತ್ತಳೆ ಬಟನ್, ಒತ್ತಿದರೆ ಹಾಡಿನ ಸದ್ದು ತಗ್ಗಿ ಪಕ್ಕದವರ ಮಾತು ಮೈಕ್ ಮೂಲಕ ಕಿವಿಗೆ ಬರುತ್ತಿತ್ತು. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ನೋಡಿ.

ರಾಗಪಥಿಕ:

ಎಲ್ಲರಿಗೂ ಥ್ಯಾಂಕ್ಸ್. ಬಿಚ್ಚಿ ರಿಪೇರಿ ಮಾಡೋದು ಅಂತ ತೀರ್ಮಾನ ಮಾಡಿದೆ, ಬ್ಯಾಟರಿ ಮತ್ತು ಕಾರ್ಡ್ ಎರಡೂ. @ಬೆಸುಗೆಕಡ್ಡಿ ಇನ್ನೊಂದೇ ಪ್ರಶ್ನೆ. ನನ್ನ ಹಾಡುಗಳು ಹೆಚ್ಚಿನವು ಫ್ಲ್ಯಾಕ್, ಅಂದರೆ ಗುಣಮಟ್ಟ ಕಳೆಯದೆ ಕುಗ್ಗಿಸಿದ ಫೈಲುಗಳು. ಐಪಾಡ್ ಅದನ್ನು ನುಡಿಸಲ್ಲ ಅಲ್ವಾ? ಎಲ್ಲಾ ಮತ್ತೆ ಬದಲಾಯಿಸಬೇಕಾ?

ಬೆಸುಗೆಕಡ್ಡಿ:

ಆ್ಯಪಲ್‌ನ ಸಾಫ್ಟ್‌ವೇರ್ ನುಡಿಸಲ್ಲ, ಐಪಾಡ್‌ಗೆ ರಾಕ್‌ಬಾಕ್ಸ್ ಅನ್ನೋ ಬೇರೆ ಸಾಫ್ಟ್‌ವೇರ್ ಹಾಕಿ. ಉಚಿತ, ಓಪನ್ ಸೋರ್ಸ್. ಫ್ಲ್ಯಾಕ್, ಆಗ್ (ಇನ್ನೊಂದು ಬಗೆಯ ಆಡಿಯೊ ಫೈಲ್) ಎರಡೂ ಓಡುತ್ತವೆ, ಹಾಡು ತುಂಬೋಕೆ ಆ್ಯಪಲ್‌ನ ಐಟ್ಯೂನ್ಸ್ ಬೇಡ, ಕೇಬಲ್ ಚುಚ್ಚಿ ಫೋಲ್ಡರುಗಳನ್ನು ಹಾಗೇ ಎಳೆದು ಹಾಕಿದರೆ ಸಾಕು. ಹಳೇ ಸಾಫ್ಟ್‌ವೇರ್ ಪಕ್ಕದಲ್ಲೇ ಉಳಿಯುತ್ತದೆ, ಬೇಕಾದಾಗ ಅದಕ್ಕೆ ಹೋಗಬಹುದು. ಒಂದು ಮಾತ್ರ ನೆನಪಿಡಿ, ಕಾರ್ಡನ್ನು ವಿಂಡೋಸ್‌ನಲ್ಲಿ ರಿಸ್ಟೋರ್ ಮಾಡಿ. ಮ್ಯಾಕ್‌ನಲ್ಲಿ ಮಾಡಿದರೆ ಬೇರೆ ಫೈಲ್ ಸಿಸ್ಟಮ್ (ಕಾರ್ಡಿನಲ್ಲಿ ಫೈಲುಗಳನ್ನು ಜೋಡಿಸಿಡೋ ಕ್ರಮ) ಬರುತ್ತದೆ, ರಾಕ್‌ಬಾಕ್ಸ್‌ಗೆ ಬೇಕಾಗಿರೋದು ಫ್ಯಾಟ್32 ಅನ್ನೋ ಫೈಲ್ ಸಿಸ್ಟಮ್.