ಸಹಾಯ ಬೇಕು: ಸೈಕೋಡೈನಮಿಕ್ ವಿವರಣೆಯನ್ನು ಪರೀಕ್ಷೆಗೆ ಒಡ್ಡುವುದು ಹೇಗೆ?

ಮನೋವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಸೈಕೋಡೈನಮಿಕ್ ದೃಷ್ಟಿಕೋನದ (ಅರಿವಿಗೆ ಬಾರದ ಮನಸ್ಸಿನ ಒತ್ತಡಗಳಿಂದ ವರ್ತನೆಯನ್ನು ವಿವರಿಸುವ ನೋಟದ) ಕುರಿತು ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದು, ಒಂದು ವಿಷಯದಲ್ಲಿ ಬಲ್ಲವರ ನೆರವು ಬೇಕಾಗಿದೆ. ಮನೋವಿಶ್ಲೇಷಣೆಯ ಸ್ಥಾಪಕ ಫ್ರಾಯ್ಡ್ 1923ರಲ್ಲಿ ಮಂಡಿಸಿದ, ಮನಸ್ಸಿನ ಮೂರು ಭಾಗಗಳಾದ ಇಡ್, ಈಗೋ, ಸೂಪರ್‌ಈಗೋ ವಿಭಜನೆಯಾಗಲಿ, 1936ರಲ್ಲಿ ಅವರ ಮಗಳು ಆನಾ ಫ್ರಾಯ್ಡ್ ಕ್ರಮಬದ್ಧವಾಗಿ ವಿವರಿಸಿದ ರಕ್ಷಣಾ ತಂತ್ರಗಳಾಗಲಿ (ಕಳವಳ ತರುವ ಭಾವನೆಗಳನ್ನು ಮನಸ್ಸು ಅರಿವಿಲ್ಲದೆ ತಡೆಯುವ ಬಗೆಗಳು) ಪಠ್ಯಪುಸ್ತಕಗಳಲ್ಲೇ ಸಿಗುತ್ತವೆ. ಅವುಗಳ ಬಗ್ಗೆ ನಾನು ಕೇಳುತ್ತಿಲ್ಲ.

ತೊಡಕಿರುವುದು ಪ್ರತಿಕ್ರಿಯಾ ರಚನೆಯ ವಿಷಯದಲ್ಲಿ, ಅಂದರೆ ಒಪ್ಪಲಾಗದ ಭಾವನೆಯನ್ನು ಅದರ ವಿರುದ್ಧದ ವರ್ತನೆಯಿಂದ ಮರೆಮಾಡುವ ರಕ್ಷಣಾ ತಂತ್ರದಲ್ಲಿ. ಹುಡುಗಿಯೊಬ್ಬಳು ಹೊಸದಾಗಿ ಹುಟ್ಟಿದ ತಮ್ಮನನ್ನು ಚಿವುಟಿದರೆ ಅಸೂಯೆ ನೇರವಾಗಿ ಹೊರಬಿದ್ದಿತೆಂದೂ, ತೊಟ್ಟಿಲು ಬಿಟ್ಟು ಕದಲದೆ ಅತಿಯಾಗಿ ಮುದ್ದಿಸಿದರೆ ಅದೇ ಅಸೂಯೆ ವಿರುದ್ಧ ರೂಪ ತಾಳಿತೆಂದೂ ಹೇಳಲು ಈ ಸಿದ್ಧಾಂತದಲ್ಲಿ ಅವಕಾಶವಿದೆ. ಹಾಗಾದರೆ ಆಕೆ ಹೇಗೆ ನಡೆದುಕೊಂಡರೆ ಅಸೂಯೆಯೇ ಇಲ್ಲವೆಂದು ಒಪ್ಪಬೇಕು? ವಿಜ್ಞಾನದ ತತ್ವಜ್ಞಾನಿ ಕಾರ್ಲ್ ಪಾಪರ್ ಎತ್ತಿದ ಆಕ್ಷೇಪದ ತಿರುಳು ಇದೇ, ಮತ್ತು ಅದನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲವೆಂಬುದು ನನ್ನ ಅನಿಸಿಕೆ. ಆದರೆ ಮತ್ತೊಬ್ಬ ತತ್ವಜ್ಞಾನಿ ಅಡಾಲ್ಫ್ ಗ್ರೂನ್‌ಬಾಮ್ 1984ರಲ್ಲಿ, ಫ್ರಾಯ್ಡ್‌ನ ಹಲವು ಪ್ರತಿಪಾದನೆಗಳನ್ನು ಪರೀಕ್ಷಿಸಲು ಸಾಧ್ಯವಿದೆ, ಕೊರತೆಯಿರುವುದು ಸಾಕ್ಷ್ಯದಲ್ಲಿ ಎಂದು ವಾದಿಸಿದರು. (ಈ ಎರಡು ಟೀಕೆಗಳನ್ನು ಒಂದೇ ಎಂಬಂತೆ ಬರೆಯುವುದು ವಾಡಿಕೆಯಾಗಿಬಿಟ್ಟಿದೆ.)

ಚಿಕಿತ್ಸಾ ಅನುಭವವುಳ್ಳವರು ನಿಜವಾದ ಅಕ್ಕರೆಯನ್ನೂ ರಕ್ಷಣಾತ್ಮಕ ಅಕ್ಕರೆಯನ್ನೂ ಯಾವ ಲಕ್ಷಣಗಳಿಂದ ಬೇರ್ಪಡಿಸುತ್ತೀರಿ? ವರ್ತನೆಯ ಬಿಗುವು, ಅತಿರೇಕ ಇವಿಷ್ಟೇ ಸಾಕೇ? ಜೊತೆಗೆ, ಮನೋವಿಶ್ಲೇಷಣೆಯಲ್ಲಿ ತರಬೇತಿ ಪಡೆದಿದ್ದ ಜಾನ್ ಬೌಲ್ಬಿಯವರ ಬಾಂಧವ್ಯ ಸಿದ್ಧಾಂತ (ಮಗು ಮತ್ತು ಪೋಷಕರ ನಡುವಿನ ನಂಟನ್ನು ವಿವರಿಸುವಂಥದ್ದು) ನೇರ ವೀಕ್ಷಣೆಯ ಪರೀಕ್ಷೆಗೆ ಒಳಪಟ್ಟಿರುವುದರಿಂದ, ಅದನ್ನು ಇದೇ ಪರಂಪರೆಯ ಉದಾಹರಣೆಯಾಗಿ ಕೊಡುವುದು ನ್ಯಾಯವೇ ಎಂಬುದನ್ನೂ ದಯವಿಟ್ಟು ಕಾರಣಸಹಿತ ತಿಳಿಸಿ.