ಪದ ಬೇಕು: ‘ಫ್ರೋಜನ್ ಶೋಲ್ಡರ್’ – ಭುಜವೋ, ಹೆಗಲೋ?

ಬಲ್ಲವರಲ್ಲಿ ತುರ್ತು ವಿನಂತಿ. ಫಿಸಿಯೋಥೆರಪಿ ಕೈಪಿಡಿಯೊಂದನ್ನು ಅನುವಾದಿಸುತ್ತಿದ್ದೇನೆ, ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ‘ಫ್ರೋಜನ್ ಶೋಲ್ಡರ್’ ಎಂಬಲ್ಲಿ ಲೇಖನಿ ನಿಂತಿದೆ. ‘ಹೆಪ್ಪುಗಟ್ಟಿದ ಭುಜ’ ಎಂದು ಎಲ್ಲೋ ಓದಿದ ನೆನಪು, ಆದರೆ ಮನಸ್ಸು ಒಪ್ಪುತ್ತಿಲ್ಲ. ‘ಮರಗಟ್ಟಿದ ಹೆಗಲು’ ಎನ್ನಬಹುದೇ? ಮೊಣಕೈಗಿಂತ ಮೇಲಿನ ಭಾಗಕ್ಕೆ ‘ಮೇಲ್ದೋಳು’, ಕೆಳಗಿನದಕ್ಕೆ ‘ಮುಂಗೈ’ ಎಂದು ಹಾಕಿದ್ದೇನೆ. ಅದನ್ನೂ ನೋಡಿ ಹೇಳಿ.

*

> ‘ಮರಗಟ್ಟಿದ ಹೆಗಲು’ ಎನ್ನಬಹುದೇ?

ಬೇಡ. ಎರಡು ಪದಗಳೂ ತಪ್ಪು.

ಮರಗಟ್ಟುವುದು ಎಂದರೆ ಸ್ಪರ್ಶ ತಿಳಿಯದಿರುವುದು. ಈ ರೋಗಿಗೆ ಸ್ಪರ್ಶ ಚೆನ್ನಾಗಿಯೇ ತಿಳಿಯುತ್ತದೆ, ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ನೋವಿಗೆ ಎಚ್ಚರವಾಗುತ್ತದೆ. ಕೀಲನ್ನು ಸುತ್ತಿಕೊಂಡ ಪೊರೆ ದಪ್ಪವಾಗಿ ಕುಗ್ಗಿರುವುದರಿಂದ ತೋಳು ಮೇಲೇಳುವುದಿಲ್ಲ. ತಾನೇ ಎತ್ತಿದರೂ ಇಲ್ಲ, ಇನ್ನೊಬ್ಬರು ಹಿಡಿದೆತ್ತಿದರೂ ಇಲ್ಲ. ಇದು ಬಿಗಿತ. ‘ಹೆಪ್ಪುಗಟ್ಟಿದ’ ಎಂಬುದು ಇನ್ನೂ ಅಪಾಯ. ಕನ್ನಡದಲ್ಲಿ ಹೆಪ್ಪುಗಟ್ಟುವುದು ಹಾಲು, ರಕ್ತ. ಓದಿದವರು ಒಳಗೆ ರಕ್ತ ಗಡ್ಡೆಕಟ್ಟಿದೆ ಎಂದು ಹೆದರುತ್ತಾರೆ. 1934ರಲ್ಲಿ ಅಮೆರಿಕದ ಶಸ್ತ್ರವೈದ್ಯ ಕಾಡ್ಮನ್ ಬಳಸಿದ ಆ ಹೆಸರು ಒಂದು ರೂಪಕ. ನಾವು ರೋಗವನ್ನು ಅನುವಾದಿಸಬೇಕು, ರೂಪಕವನ್ನಲ್ಲ.

ಇನ್ನು ಹೆಗಲು. ಕುತ್ತಿಗೆಯ ಬುಡದಿಂದ ಹೊರಕ್ಕೆ ಇಳಿಯುವ, ಭಾರ ಹೊರುವ ಜಾಗ ಅದು. ನೊಗ ಕೂರುವುದು ಅಲ್ಲಿ, ಮಗುವನ್ನು ಕೂರಿಸಿಕೊಳ್ಳುವುದೂ ಅಲ್ಲಿ. ತೋಳು ಮೊದಲಾಗುವ ಗುಂಡನೆಯ ಜಾಗ ಭುಜ. ಹೆಗಲು ನೋಯುತ್ತದೆ ಎನ್ನುವವರ ತೊಂದರೆ ಎಷ್ಟೋ ಸಲ ಕತ್ತಿನದಾಗಿರುತ್ತದೆ, ಭುಜದ ಕೀಲಿನದಲ್ಲ. ಕೈಪಿಡಿಯಲ್ಲಿ ಇವೆರಡನ್ನು ಬೆರೆಸಿದರೆ ಒಂದು ಕಡೆಯ ನೋವಿಗೆ ಇನ್ನೊಂದು ಕಡೆಯ ವ್ಯಾಯಾಮ ಮಾಡಿಸಿದಂತಾಗುತ್ತದೆ.

*

‘ಭುಜ’ ಎಂದರೆ ಸಂಸ್ಕೃತದಲ್ಲಿ ತೋಳು. ಬಾಗು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಚತುರ್ಭುಜನಿಗಿರುವುದು ನಾಲ್ಕು ತೋಳು, ನಾಲ್ಕು ಹೆಗಲಲ್ಲ. ಭುಜಬಲವೂ ತೋಳ್ಬಲವೇ. ಎರವಲು ತಂದದ್ದು ಒಂದು ತಪ್ಪು, ಅರ್ಥ ಕೆಡಿಸಿಕೊಂಡು ತಂದದ್ದು ಇನ್ನೊಂದು. ಹೆಗಲಿನ ಹಳಗನ್ನಡ ರೂಪ ಪೆಗಲ್ ನಮ್ಮದು, ಅದೇ ಅರ್ಥದ ಹಳೆಯ ಪದ ಮುಯ್ಪು ನಮ್ಮದು. ‘ಹೆಗಲ ಬಿಗಿತ’ ಎಂದು ಬರೆಯಿರಿ. ‘ಭುಜಬಿಗಿತ’ ಎಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸವಾಗುತ್ತದೆ.

*

ಅರ್ಥ ಸರಿಯುವುದು ಕೆಡುವುದಲ್ಲ. ಇಂದಿನ ತಮಿಳಿನಲ್ಲಿ ‘ತೋಳ್’ ಎಂದರೆ ಮುಖ್ಯವಾಗಿ ಭುಜದ ಭಾಗ, ನಮ್ಮಲ್ಲಿ ಅದೇ ದ್ರಾವಿಡ ಪದ ಕೈಯ ಉದ್ದಕ್ಕೂ ಇಳಿದಿದೆ. ಇವರಲ್ಲಿ ಯಾರು ಅರ್ಥ ಕೆಡಿಸಿದವರು? ‘ತೋಳು’ ಕನ್ನಡದಲ್ಲಿ ಕೆಳಗಿಳಿಯಬಹುದಾದರೆ ‘ಭುಜ’ ಕನ್ನಡದಲ್ಲಿ ಮೇಲೇರಬಹುದು. ತೆಲುಗಿನವರೂ ಭುಜವನ್ನು ಅಲ್ಲಿಗೇ ಏರಿಸಿದ್ದಾರೆ. ಷಷ್ಠಿ ಹಾಕಿ ‘ಭುಜದ ಬಿಗಿತ’ ಎಂದರೆ ಸಮಾಸವೇ ಇರುವುದಿಲ್ಲ, ಅರಿಸಮಾಸದ ಮಾತು ಅಲ್ಲಿಗೆ ಮುಗಿಯಿತು. ಮುಯ್ಪು ಚೆಲುವಾದ ಪದ, ನನಗೂ ಪ್ರೀತಿ. ಆದರೆ ತೋಳೆತ್ತಲಾಗದೆ ನರಳುವವರಿಗೆ ಅದನ್ನು ಕೊಟ್ಟು ನಿಘಂಟು ತೆಗೆಯಿರಿ ಎನ್ನಲಾರೆ.

*

> ಕೆಳಗಿನದಕ್ಕೆ ‘ಮುಂಗೈ’

ಭುಜದ ಜಗಳದಲ್ಲಿ ಈ ಪ್ರಶ್ನೆ ಉಳಿದುಹೋಯಿತು. ಮುಂಗೈ ಅಂಶಿ ಸಮಾಸ, ಕೈಯ ಮುಂದಿನ ಭಾಗ. ಬಳಕೆಯಲ್ಲಿ ಹಲವರಿಗೆ ಅದು ಮಣಿಕಟ್ಟಿನ ಸುತ್ತಲಿನ ಜಾಗ. ಮೊಣಕೈಯಿಂದ ಮಣಿಕಟ್ಟಿನವರೆಗೆ ‘ಮುಂದೋಳು’ ಎನ್ನಿ, ಅದೇ ಸಮಾಸ, ಸಂದೇಹವಿಲ್ಲ. ‘ಮೇಲ್ದೋಳು’ ಏಕೆ ಹೊಸದಾಗಿ ಕಟ್ಟಿದಿರಿ? ‘ರಟ್ಟೆ’ ಇದೆಯಲ್ಲ! ರಟ್ಟೆ ಹಿಡಿದು ಎಳೆ ಎಂದರೆ ಎಲ್ಲಿ ಹಿಡಿಯಬೇಕೆಂದು ಮಕ್ಕಳಿಗೂ ಗೊತ್ತು. ಇದ್ದ ಪದವನ್ನು ಮರೆತು ಪದ ಕಟ್ಟುವುದು ಎರವಲಿಗಿಂತ ದೊಡ್ಡ ನಷ್ಟ ಎಂಬುದು ನನ್ನ ಗಟ್ಟಿ ನಂಬಿಕೆ.

ವ್ಯಾಯಾಮದ ಸೂಚನೆಗಳಲ್ಲಿ ಬರಿದೇ ‘ಕೈ ಎತ್ತಿ’ ಎಂದು ಬರೆಯಬೇಡಿ. ಕನ್ನಡದ ‘ಕೈ’ ಭುಜದಿಂದ ಬೆರಳ ತುದಿಯವರೆಗೆ 30 ಮೂಳೆಗಳಿಗೂ ಸಲ್ಲುವ ಪದ. ಅವುಗಳಲ್ಲಿ 27 ಮಣಿಕಟ್ಟಿನಿಂದ ಆಚೆಗೇ ಇವೆ. ‘ತೋಳನ್ನು ನೇರವಾಗಿಟ್ಟು ಮೇಲೆತ್ತಿ’ ಎನ್ನಿ.

*

ಎಲ್ಲರಿಗೂ ಕೃತಜ್ಞತೆ. ‘ಭುಜದ ಬಿಗಿತ’, ‘ರಟ್ಟೆ’, ‘ಮುಂದೋಳು’ ಇಟ್ಟುಕೊಂಡೆ. ವೈದ್ಯರು ಹೇಳುವ ಹೆಸರೂ ಓದುಗರಿಗೆ ತಿಳಿಯಲೆಂದು ಮೊದಲ ಪುಟದಲ್ಲಿ ಒಮ್ಮೆ ‘ಫ್ರೋಜನ್ ಶೋಲ್ಡರ್’ ಎಂದೂ ಬರೆಯುತ್ತೇನೆ. ಕೊನೆಯದೊಂದು: ಬೆನ್ನಿನ ಮೇಲ್ಭಾಗದ ಆ ಅಗಲವಾದ ತ್ರಿಕೋನ ಮೂಳೆಗೆ ಸುಶ್ರುತನ ‘ಅಂಸಫಲಕ’ ಸಾಕೇ?

*

ಸಾಲದು. ಯಾರಿಗೂ ತಿಳಿಯುವುದಿಲ್ಲ. ‘ಹೆಗಲ ಹಲಗೆ’ ಎನ್ನಿ. ಇಲ್ಲಾದರೂ ಅಚ್ಚಗನ್ನಡ ಉಳಿಯಲಿ.

*

‘ಹೆಗಲ ಹಲಗೆ’ಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಆದರೆ ಹಲಗೆ, ‘ಫಲಕ’ದ ತದ್ಭವ.